ಕತ್ತು ಸೀಳಿದ ಬೇಸ್ ಹೊತ್ತು ಮನೋರಿಗೆ

ಶನಿವಾರ ಬೆಳಿಗ್ಗೆ ಸಯನ್‌ನ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಇಳಿಯುವಾಗ ನನ್ನ ಬೆನ್ನ ಮೇಲೆ ಮುರಿದ ಬೇಸ್ ಗಿಟಾರ್ ಇತ್ತು, ಹಿಂದೆ ಕೆಳಗಿನ ಮನೆಯ ಗಿರಿಜಕ್ಕ ಇದ್ದರು. ಅವರ ಕೈಯಲ್ಲೊಂದು ಬಟ್ಟೆ ಚೀಲ. ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ರಾತ್ರಿ ಉಳಿಯಬೇಕಾದರೆ ಇರಲಿ ಎಂದು ಮಾರನೆಯ ದಿನಕ್ಕೆ ಒಂದು ಸೀರೆ, ಹೊದೆಯಲು ಒಂದು ಚಾದರ. ಎರಡನೆಯ ಮಾಳಿಗೆಯ ಬಾಗಿಲಲ್ಲಿ ನಿಂತಿದ್ದ ಅವರ ಮಗಳು ಶೋಭಾ ಮತ್ತೆ ಮತ್ತೆ ಹೇಳುತ್ತಿದ್ದಳು: "ಆಂಟಿ, ಅಮ್ಮನ ಕೈ ಬಿಡಬೇಡಿ ಹಾಂ. ಪೀಛೆಯಿಂದ ಗಾಡಿ ಬಂದ್ರೆ ಅವಳಿಗೆ ಗೊತ್ತೇ ಆಗೋದಿಲ್ಲ."

ನಾವು ಹೊರಟದ್ದು ಮನೋರಿಗೆ. ಮನೋರಿ ಮುಂಬೈಯದೇ ಒಂದು ಊರು. ಆದರೆ ಮಲಾಡಿನ ಆಚೆ ಕಡಲು ನೆಲದೊಳಕ್ಕೆ ಚಾಚಿಕೊಂಡು ಬಂದಿದೆ, ಇಲ್ಲಿನವರು ಅದನ್ನು ಖಾಡಿ ಎನ್ನುತ್ತಾರೆ. ಮನೋರಿ ಇರುವುದು ಅದರ ಆ ದಡದಲ್ಲಿ. ಸುತ್ತಿ ಬರುವ ರಸ್ತೆಯೂ ಉಂಟು, ಬಹಳ ದೂರ. ದೋಣಿಯಲ್ಲಾದರೆ ಮಾರ್ವೆ ದಡದಿಂದ ಸ್ವಲ್ಪ ಹೊತ್ತಿನ ದಾರಿ. ಅಲ್ಲಿ ಅಲೆಕ್ಸ್ ಎಂಬವರು ಮನೆಯ ಹಿಂದಿನ ಶೆಡ್ಡಿನಲ್ಲಿ ಗಿಟಾರುಗಳನ್ನು ರಿಪೇರಿ ಮಾಡುತ್ತಾರೆ ಎಂದು ನನಗೆ ಹೇಳಿದ್ದು ನಮ್ಮ ಅಂಗಡಿಗೆ ಕನ್ನಡಕ ಮಾಡಿಸಲು ಬಂದ ಒಬ್ಬ ಗಿರಾಕಿ.

ನಾನು ಘಾಟ್ಕೋಪರ್‌ನಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಂಡ ಚೆಂಬೂರಿನ ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾರೆ. ನಲವತ್ತು ದಾಟಿದ ಮೇಲೆ ನನಗೆ ಬೇಸ್ ಗಿಟಾರಿನ ಹುಚ್ಚು ಹಿಡಿಯಿತು. ಸಹೋದ್ಯೋಗಿಯೊಬ್ಬಳ ಮದುವೆಯ ಊಟದ ಹೊತ್ತಿಗೆ ವೇದಿಕೆಯಲ್ಲಿ ನಾಲ್ವರು ನುಡಿಸುತ್ತಿದ್ದರು. ಹಾಡಿನವನನ್ನೂ ಡ್ರಮ್ಮಿನವನನ್ನೂ ಎಲ್ಲರೂ ನೋಡುತ್ತಿದ್ದರು. ನನಗೆ ಮಾತ್ರ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತವನ ನಾಲ್ಕು ದಪ್ಪ ತಂತಿಗಳ ದನಿ ಎದೆಯ ಎಲುಬಿಗೆ ತಾಗಿತು. ಮರುವರ್ಷ ಸೆಕೆಂಡ್‌ಹ್ಯಾಂಡ್ ಬೇಸ್ ಒಂದನ್ನು ಕೊಂಡೆ, ಜೊತೆಗೆ ಅದರ ದನಿಯನ್ನು ಹೊರಗೆ ಕೇಳಿಸುವ, ಸ್ಟೂಲಿನಷ್ಟು ಎತ್ತರದ ಪೆಟ್ಟಿಗೆ, ಆಂಪ್. ಮೊಬೈಲಿನಲ್ಲಿ ಪಾಠ ನೋಡಿ ಕಲಿತೆ. ಯಾವ ವೇದಿಕೆಯನ್ನೂ ನಾನು ಹತ್ತಿದವಳಲ್ಲ, ಹತ್ತುವ ಆಸೆಯೂ ಇಲ್ಲ. ಕೆಲಸದಿಂದ ಬಂದು, ಅನ್ನಕ್ಕೆ ಇಟ್ಟು, ಕುಕ್ಕರ್ ಕೂಗುವವರೆಗೆ ನುಡಿಸುವುದು, ಅಷ್ಟೇ.

ಸಯನ್‌ನಿಂದ ದಾದರಿಗೆ ಸ್ಲೋ ಲೋಕಲ್ ಹಿಡಿದೆವು. ದಾದರಿನಲ್ಲಿ ಸೇತುವೆ ಹತ್ತಿ ವೆಸ್ಟರ್ನ್ ಲೈನಿಗೆ ದಾಟಬೇಕು. ಶನಿವಾರದ ಬೆಳಗಾದರೂ ಹೂವಿನ ಬುಟ್ಟಿಗಳು, ಬಟ್ಟೆಯ ಗಂಟುಗಳು, ಆಫೀಸಿಗೆ ಹೋಗುವವರು, ಎಲ್ಲರೂ ಆ ಸೇತುವೆಯ ಮೇಲಿದ್ದರು. ಗಿರಿಜಕ್ಕ ನನ್ನ ಚೂಡಿದಾರದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ನಾನು ಬೇಸ್ ಅನ್ನು ಬೆನ್ನಿನಿಂದ ಇಳಿಸಿ ಎದೆಗೆ ಒತ್ತಿ ಹಿಡಿದುಕೊಂಡೆ. ಚೀಲದೊಳಗೆ ಅದರ ತಲೆಯ ಭಾಗಕ್ಕೆ ಎರಡು ಹಳೆಯ ಟವೆಲ್ ಸುತ್ತಿದ್ದೆ. ಆದರೂ ಯಾರ ಮೊಣಕೈ ತಗುಲಿದರೂ ನಿಂತು ಟವೆಲ್ ಸುತ್ತಿದ ಜಾಗ ಮುಟ್ಟಿ ನೋಡುತ್ತಿದ್ದೆ.

ಅದು ಮುರಿದದ್ದು ನನ್ನ ಅತಿ ಜಾಗ್ರತೆಯಿಂದಲೇ. ಮುಂಬೈಯ ಮಳೆಗಾಲ ಮರದ ವಾದ್ಯಕ್ಕೆ ಆಗಿಬರುವುದಿಲ್ಲ. ತಂತಿಗೆ ತುಕ್ಕು ಹಿಡಿಯುತ್ತದೆ, ಉದ್ದನೆಯ ಕತ್ತು ತೇವ ಕುಡಿದು ಬಿಲ್ಲಿನಂತೆ ಬಗ್ಗುತ್ತದೆ. ಹಾಗಾಗಿ ನಾನು ನುಡಿಸಿದ ಮೇಲೆ ಪ್ರತಿಸಲ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ತಂತಿಗಳನ್ನು ಒಂದೊಂದಾಗಿ ಒರೆಸುತ್ತೇನೆ. ಅಂಗಡಿಗೆ ಬರುವ ಫ್ರೇಮುಗಳ ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣಗಳಿರುತ್ತವೆ, ಉಳಿದವರು ಬಿಸಾಡುತ್ತಾರೆ, ನಾನು ಮನೆಗೆ ತಂದು ಚೀಲದ ಜೇಬುಗಳಲ್ಲಿ ತುಂಬುತ್ತೇನೆ. ಹೊರಗೋಡೆಗೆ ಮಳೆ ಹೊಡೆಯುತ್ತದೆಂದು ಬೇಸ್ ಅನ್ನು ಒಳಗೋಡೆಗೆ ಕೊಕ್ಕೆ ಹಾಕಿ ತೂಗುಹಾಕಿದ್ದೆ. ಆ ಒಳಗೋಡೆಯ ಆಚೆ ಮೇಲಿನ ಮನೆಯವರ ಬಾತ್‌ರೂಮಿನ ಪೈಪು ಸೋರುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನೆನೆದ ಪ್ಲಾಸ್ಟರಿನ ಸಮೇತ ಕೊಕ್ಕೆ ಕಿತ್ತು ಬಂತು. ನಾನು ಬಂದು ನೋಡುವಾಗ ಬೇಸ್ ಮುಖ ಕೆಳಗಾಗಿ ಬಿದ್ದಿತ್ತು, ತಂತಿ ತಿರುಪುವ ಬಿರಡೆಗಳಿರುವ ತಲೆ ಕತ್ತಿನಿಂದ ಸೀಳಿ ಒಂದು ಬದಿಯ ಸಿಬಿರಿನಲ್ಲಿ ನೇತಾಡುತ್ತಿತ್ತು.

ಸಂಗೀತ ವಾದ್ಯಗಳ ಎರಡು ಅಂಗಡಿಗೆ ಒಯ್ದು ತೋರಿಸಿದೆ. ಇಬ್ಬರೂ ಹೊಸದು ತೆಗೆದುಕೊಳ್ಳಿ ಎಂದರು. ಗಂಡನೂ ಅದನ್ನೇ ಹೇಳಿದರು. "ಹೊಸತೇ ತಕೊಳ್ಳುವ. ಮುರಿದದ್ದನ್ನು ಹೊತ್ತುಕೊಂಡು ಅಷ್ಟು ದೂರ ಎಂತಕ್ಕೆ?" ಪ್ರೀತಿಯಿಂದಲೇ ಹೇಳಿದ್ದು. ನಾನು ಬಹುಶಃ ಒಪ್ಪಿಯೂ ಬಿಡುತ್ತಿದ್ದೆ. ಆದರೆ ಅಷ್ಟರಲ್ಲಿ ಗಿರಿಜಕ್ಕ ಮೇಲೆ ಬಂದರು.

ಗಿರಿಜಕ್ಕ ವಿಜಯಪುರದ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಜೊತೆಗೆ ಬಂದವರು, ಈಗ ಗಂಡ ಇಲ್ಲ. ನರ್ಸ್ ಆಗಿರುವ ಮಗಳೊಂದಿಗೆ ನಮ್ಮ ಮನೆಯ ನೇರ ಕೆಳಗೆ ಇದ್ದಾರೆ. ಕೆಲವು ವರ್ಷಗಳಿಂದ ಅವರಿಗೆ ಕಿವಿ ಮಂದ. ಮಗಳು ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದಾಳೆ, ಅದು ಪಾತ್ರೆ ಸದ್ದನ್ನೂ ಮಾತನ್ನೂ ಒಟ್ಟಿಗೆ ಕಿರುಚುತ್ತದೆಂದು ಅವರು ಹಾಕುವುದಿಲ್ಲ. ನನ್ನ ಸದ್ದು ಕೆಳಗಿನವರಿಗೆ ತೊಂದರೆಯಾದೀತೆಂದು ಹೋದ ವರ್ಷ ನಾನು ಆಂಪಿನ ಅಡಿಗೆ ದಪ್ಪ ರಬ್ಬರಿನ ಮ್ಯಾಟ್ ಹಾಸಿದ್ದೆ. ನಾಲ್ಕು ದಿನ ಕಳೆದು ಅವರು ಏದುಸಿರು ಬಿಡುತ್ತಾ ಮೇಲೆ ಬಂದರು. ಬೈಯಲು ಬಂದರೆಂದೇ ನಾನು ಅಂದುಕೊಂಡೆ.

"ಯಾಕವ್ವಾ, ಬಾರಸೂದು ಬಿಟ್ಟೇನು?" ಎಂದರು. "ಸಂಜಿಮುಂದ ನಾ ಪಲ್ಲಂಗದ ಮ್ಯಾಲ ಕೈ ಇಟ್ಕೊಂಡು ಕುಂದರ್ತೀನಿ. ಕಟಗಿ ಗುಂ ಅಂತಿತ್ತು. ಈಗ ಏನೂ ಇಲ್ಲ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಮಾತು, ಗಂಟೆ, ಫೋನು, ಹಕ್ಕಿಯ ದನಿ ಇಂಥ ಸಪೂರ ಸದ್ದುಗಳು ಅವರ ಕಿವಿಯಿಂದ ಹೋಗಿದ್ದವು. ನನ್ನ ದಪ್ಪ ತಂತಿಗಳು ಮಾತ್ರ ನೆಲದಿಂದ ಗೋಡೆಗೆ, ಗೋಡೆಯಿಂದ ಮಂಚಕ್ಕೆ ಇಳಿದು ಅವರನ್ನು ಮುಟ್ಟುತ್ತಿದ್ದವು. ಅದೇ ದಿನ ಮ್ಯಾಟ್ ತೆಗೆದೆ. ಈ ಸಲವೂ ಮಂಚ ಸುಮ್ಮನಾಯಿತೆಂದೇ ಮೇಲೆ ಬಂದವರು ಮುರಿದ ಬೇಸ್ ಅನ್ನು ಸವರಿ ನೋಡಿದರು, ಅದನ್ನು ಬಿಟ್ಟು ಹೊಸದು ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮನೋರಿಗೆ ಹೋಗುತ್ತೇನೆ ಎಂದಾಗ ಮಾತ್ರ, "ನಾನೂ ಬರ್ತೀನಿ" ಎಂದರು.

"ಬೇಡ ಮಾರಾಯ್ರೆ, ದೋಣಿ ಎಲ್ಲ ಉಂಟು" ಎಂದು ನಾನು ಕೈಯಲ್ಲಿ ದೋಣಿ ಮಾಡಿ ತೋರಿಸಿದೆ.

"ಇಷ್ಟು ವರ್ಷ ಬೊಂಬಾಯಿದಾಗ ಇದ್ದು ಒಮ್ಮೆನೂ ದೋಣ್ಯಾಗ ಕುಂತಿಲ್ಲ. ಈಗಲ್ಲದ ಯಾವಾಗ ಕುಂದರ್ಲಿ?" ಎಂದು ಆಗಲೇ ಚೀಲ ಹುಡುಕಲು ಇಳಿದುಹೋದರು.

ಮಲಾಡಿನಲ್ಲಿ ಇಳಿದು ಪಶ್ಚಿಮದ ಕಡೆಯಿಂದ ಮಾರ್ವೆಗೆ ಬಸ್ ಹಿಡಿದೆವು. ಬಿಸಿಲಿತ್ತು, ಮಳೆಗಾಲ ಮುಗಿಯುವ ಹೊತ್ತಿನ, ಬೆವರಿಳಿಸುವ ಬಿಸಿಲು. ಅಂಗಡಿ ಸಾಲುಗಳು, ದೊಡ್ಡ ಬಿಲ್ಡಿಂಗುಗಳು ಮುಗಿದು ಎರಡೂ ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ತೇವದ ಮಣ್ಣಿನ ವಾಸನೆ. ಕೊನೆಯ ಸ್ಟಾಪಿನಲ್ಲಿ ಬಸ್ ನಿಂತಾಗ ಎದುರಿಗೆ ನೀರು. ಕರಾವಳಿಯಲ್ಲಿ ಹುಟ್ಟಿದ ನನಗೆ ಅದು ಮಾಮೂಲು ನೋಟ. ಗಿರಿಜಕ್ಕ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯುದ್ಧಕ್ಕೆ ಹೊರಟವರ ಹಾಗೆ ನಿಂತರು.

ಟಿಕೆಟ್ ಕೆಲವೇ ರೂಪಾಯಿ, ಸ್ಕೂಟರಿಗೆ ಬೇರೆ ದರ. ದೋಣಿಯಲ್ಲಿ ನಮ್ಮ ಜೊತೆ ಮೂರು ಸ್ಕೂಟರು, ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಮರಳುವ ಹೆಂಗಸರು, ಒಂದು ಸಿಲಿಂಡರು. ಇಳಿತದ ಸಮಯವಾದ್ದರಿಂದ ದಡಕ್ಕೂ ದೋಣಿಗೂ ನಡುವೆ ಹಲಗೆ ಇಟ್ಟಿದ್ದರು, ಹಾವಸೆ ಹತ್ತಿ ಜಾರುತ್ತಿತ್ತು. ನಾನು ಬೇಸ್ ನೋಡಬೇಕೋ ಗಿರಿಜಕ್ಕನ ಕೈ ಹಿಡಿಯಬೇಕೋ ತಿಳಿಯದೆ ನಿಂತಾಗ ಮೀನಿನ ಹೆಂಗಸೊಬ್ಬಳು ಕೇಳದೆಯೇ ಬಂದು ಗಿರಿಜಕ್ಕನ ಸೊಂಟ ಬಳಸಿ ಎತ್ತಿದ ಹಾಗೆಯೇ ದೋಣಿಗೆ ದಾಟಿಸಿದಳು. "ಆಜೀ, ಘಾಬರೂ ನಕಾ" ಎಂದಳು, ಹೆದರಬೇಡಿ ಅಂತ. ಗಿರಿಜಕ್ಕನಿಗೆ ಮಾತು ಕೇಳಲಿಲ್ಲ, ಅವಳ ಬಾಯಿ ನೋಡಿ ತಿಳಿಯಿತು. ಅವಳ ಗಲ್ಲ ಮುಟ್ಟಿ ತಮ್ಮ ಬೆರಳಿಗೆ ಮುತ್ತಿಟ್ಟುಕೊಂಡರು.

ದಾಟಿದ ಮೇಲೆ ಆಟೋದಲ್ಲಿ ತೆಂಗಿನ ತೋಟ, ಶಿಲುಬೆಯ ಕಟ್ಟೆ, ಹಂಚಿನ ಮನೆಗಳನ್ನು ಹಾದು ಅಲೆಕ್ಸರ ಮನೆ ತಲುಪಿದೆವು. ಅವರು ಎಪ್ಪತ್ತರ ಹತ್ತಿರದ ಗಿಡ್ಡ ಮನುಷ್ಯ, ದಪ್ಪ ಕನ್ನಡಕ. ಚೀಲದ ಜಿಪ್ ಎಳೆದು ಟವೆಲ್ ಬಿಚ್ಚಿದವರು ಸೀಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಿಂದಿಯಲ್ಲಿ, "ಮೇಡಂ, ಸಾದಾ ಅಕೌಸ್ಟಿಕ್ ಗಿಟಾರಿನದಾದರೆ ಹೂಂ ಎನ್ನುತ್ತಿದ್ದೆ. ಬೇಸ್ ತಂತಿಗಳ ಎಳೆತ ಬಹಳ. ಅಂಟು ಹಾಕಿ ಕೊಡಬಹುದು, ನಿಲ್ಲುತ್ತದೆ ಅಂತ ಮಾತು ಕೊಡಲಾರೆ. ನಾನೇ ಆದರೆ ಬೇರೆ ಕತ್ತು ತರಿಸಿ ಹಾಕುತ್ತಿದ್ದೆ" ಎಂದರು.

"ಬೇರೆ ಕತ್ತು ಸಿಗಲು ಎಷ್ಟು ಸಮಯ?"

"ಇದೇ ಅಳತೆಯದು? ತಿಂಗಳುಗಳೇ ಆಗಬಹುದು. ಸಿಗದೆಯೂ ಇರಬಹುದು."

ನಾನು ಗಿರಿಜಕ್ಕನ ಮುಖ ನೋಡಿದೆ. ಅವರಿಗೆ ನಮ್ಮ ಮಾತು ಒಂದೂ ಕೇಳಿಸಿರಲಿಲ್ಲ. ಆದರೆ ಅಲೆಕ್ಸರು ತಲೆಯಾಡಿಸಿದ ರೀತಿ ಅವರಿಗೆ ಸಾಕಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ಹೊರಗೆ ನೋಡುತ್ತಾ ನಿಂತಿದ್ದರು. ಅಲೆಕ್ಸರ ಹೆಂಡತಿ ಫಿಲೋಮಿನಾ ಆಂಟಿ ನೀರು ತಂದವರು, ಇವರು ಯಾರು ಎಂದು ಕೇಳಿದರು. ನಾನು ಮಂಚದ ಕಥೆ ಹೇಳಿದೆ. ಆಂಟಿ ಗಂಡನ ಕಡೆ ತಿರುಗಿ, ಅವರ ಭಾಷೆಯಲ್ಲಿ ನಾಲ್ಕೇ ನಾಲ್ಕು ಮಾತು ಆಡಿದರು. ನನಗೆ ಅರ್ಥವಾಗಲಿಲ್ಲ. ಅಲೆಕ್ಸರು ಕನ್ನಡಕ ತೆಗೆದು ಒರೆಸಿಕೊಂಡು, "ಸರಿ, ಪ್ರಯತ್ನ ಮಾಡೋಣ. ಆದರೆ ರಾತ್ರಿಯಿಡೀ ಅದು ಅಲುಗಾಡದೆ ಕೂರಬೇಕು. ನೀವು ಇಲ್ಲೇ ಉಳಿಯಿರಿ" ಎಂದರು.

ಮೊದಲು ಸೀಳಿನೊಳಗಿನ ಪುಡಿ ತೆಗೆದರು. ಒಂದು ಸಣ್ಣ ಬಲ್ಬಿನ ಶಾಖದಲ್ಲಿ ಮರವನ್ನು ಒಣಗಿಸಿದರು. ಅಂಟು ಸವರುವ ಹೊತ್ತಿಗೆ ತಲೆಯನ್ನೂ ಕತ್ತನ್ನೂ ಸರಿಯಾಗಿ ಕೂಡಿಸಿ ಗಟ್ಟಿ ಹಿಡಿಯಲು ಇನ್ನೊಬ್ಬರ ಕೈ ಬೇಕಾಯಿತು. ನಾನು ಹಿಡಿದೆ. ಕೂಡಿಸಿದ್ದು ಕೂದಲಷ್ಟು ಜಾರಿತು. ಆಗ ಗಿರಿಜಕ್ಕ ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿ ತಾವು ಹಿಡಿದರು. ಜೀವಮಾನವಿಡೀ ರೊಟ್ಟಿ ತಟ್ಟಿದ ಕೈ. ಅಲೆಕ್ಸರ ಕಣ್ಣನ್ನೇ ನೋಡುತ್ತಾ, ಅವರು ಹುಬ್ಬು ಎತ್ತಿದಾಗ ಒತ್ತಿ, ಇಳಿಸಿದಾಗ ಸಡಿಲಿಸಿ, ಮರವನ್ನು ಅದುಮಿ ಹಿಡಿಯುವ ಕಬ್ಬಿಣದ ಮೂರೂ ಹಿಡಿಕೆಗಳನ್ನು ಬಿಗಿಯುವವರೆಗೆ ಅಲುಗಾಡಲಿಲ್ಲ. ಮುಗಿದಾಗ ಅಲೆಕ್ಸರು ನಕ್ಕು ಕೈಕುಲುಕಲು ಮುಂದಾದರು. ಇಬ್ಬರ ಅಂಗೈಗೂ ಅಂಟು ಮೆತ್ತಿತ್ತು.

ಮಧ್ಯಾಹ್ನ ಆಂಟಿ ಅಕ್ಕಿ ಹಿಟ್ಟಿನ ರೊಟ್ಟಿ ತಟ್ಟಿದರು. ಗಿರಿಜಕ್ಕ ಮೀನು ಮಾಂಸ ಮುಟ್ಟುವವರಲ್ಲ ಎಂದು ತಿಳಿದು ಬೇರೆ ಪಾತ್ರೆಯಲ್ಲಿ ಹೀರೇಕಾಯಿಗೆ ತೆಂಗಿನ ಹಾಲು ಹಾಕಿ ಪಲ್ಯ ಮಾಡಿದರು. ಗಿರಿಜಕ್ಕ ಚೀಲದಿಂದ ಜೋಳದ ರೊಟ್ಟಿ ತೆಗೆದರು. ಇಬ್ಬರೂ ಒಬ್ಬರ ರೊಟ್ಟಿಯನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡಿದರು. ಆಂಟಿ ಕೂಗಿ ಮಾತಾಡಲಿಲ್ಲ. ಎದುರಿಗೆ ಕುಳಿತು, ಬಾಯಿ ಕಾಣುವ ಹಾಗೆ, ನಿಧಾನವಾಗಿ ಮರಾಠಿಯಲ್ಲಿ ಮಾತಾಡಿದರು. ಗಿರಿಜಕ್ಕ ಸೊಲ್ಲಾಪುರದ ಕಡೆಯ ಮರಾಠಿಯಲ್ಲಿ ಉತ್ತರ ಕೊಟ್ಟರು. ನಮ್ಮ ಬಿಲ್ಡಿಂಗಿನಲ್ಲಿ ನಾವೆಲ್ಲ ಅವರೊಂದಿಗೆ ಜೋರಾಗಿ ಕೂಗುತ್ತೇವೆ. ಹಾಗೆ ಎದುರು ಕುಳಿತು ಮಾತಾಡುವುದು ಆ ಮಧ್ಯಾಹ್ನ ನಾನೂ ಕಲಿತೆ.

ಸಂಜೆ ಇಬ್ಬರೂ ಕಡಲ ದಡಕ್ಕೆ ನಡೆದು ಹೋಗಿ, ಒಣಗಲು ಹಾಕಿದ್ದ ಬಲೆಗಳ ಪಕ್ಕ ಕುಳಿತೆವು. ನಾನು ಅವರ ಎದುರು ಕುಳಿತೆ. ಗಿರಿಜಕ್ಕ ಅಲೆಗಳನ್ನು ನೋಡುತ್ತಾ ತಾವಾಗಿಯೇ ಹೇಳಿದರು:

"ನಾ ಭಜನಿ ಯಾಕ ಬಿಟ್ಟೆ ಗೊತ್ತೇನು ನಿನಗ?"

ಗಿರಿಜಕ್ಕ ಹಿಂದೆ ನಮ್ಮ ಕಡೆಯ ಕನ್ನಡ ಹೆಂಗಸರ ಭಜನಾ ಮಂಡಳಿಯಲ್ಲಿ ಮುಂದಾಳು ಹಾಡುಗಾರ್ತಿ. ಮಂಡಿ ನೋವು, ಅಷ್ಟು ಹೊತ್ತು ಕೂರಲಾಗುವುದಿಲ್ಲ ಎಂದು ಬಿಟ್ಟರು ಅಂತಲೇ ನಾವೆಲ್ಲ ತಿಳಿದಿದ್ದೆವು.

"ಮಂಡಿ ಏನೂ ಇಲ್ಲ. ಒಂದಿನ ಹಾಡ್ಲಿಕತ್ತೀನಿ, ಎದುರಿಗಿದ್ದಾಕಿ ಬಗ್ಗಿ ಬಾಜೂದಾಕಿ ಮಾರಿ ನೋಡಿದ್ಲು. ಇನ್ನೊಬ್ಬಾಕಿ ತಾಳ ನಿಲ್ಲಿಸಿದ್ಲು. ಯಾರೂ ಏನೂ ಅನ್ಲಿಲ್ಲ. ಅನ್ನಬೇಕಿತ್ತು. ಪೆಟಿಗಿ ಸೂರು ನನಗ ಕೇಳಸಾಂಗಿಲ್ಲ, ನಾ ಎಲ್ಲಿ ಹಾಡ್ಲಿಕತ್ತೀನಿ ಅನ್ನೂದ ನನಗ ಗೊತ್ತಾಗ್ಲಿಲ್ಲ. ಅವತ್ತಿನಿಂದ ಮನ್ಯಾಗ ಒಬ್ಬಾಕೀನ ಇದ್ದಾಗೂ ಬಾಯಿ ತಗದಿಲ್ಲ."

ಪೆಟಿಗಿ ಸೂರು ಎಂದರೆ ಹಾರ್ಮೋನಿಯಂನ ಸ್ವರ. ನಾನು ಅವರ ಕೈ ಹಿಡಿದುಕೊಂಡೆ. ಅವರು ಅದನ್ನು ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇರಗೊಟ್ಟು, ಆಮೇಲೆ ಬಿಡಿಸಿಕೊಂಡು, "ಏಳು, ಮರಳು ಸೀರಿ ತುಂಬ ಆತು" ಎಂದರು.

ಭಾನುವಾರ ಬೆಳಿಗ್ಗೆ ಅಲೆಕ್ಸರು ಚರ್ಚಿಗೆ ಹೋಗಿಬಂದು, ಊಟವಾದ ಮೇಲೆಯೇ ಹಿಡಿಕೆ ಬಿಚ್ಚುವುದು ಎಂದರು. ನನಗೆ ಆ ಅರ್ಧ ದಿನ ಕಳೆಯುವುದೇ ಕಷ್ಟವಾಯಿತು. ಗಿರಿಜಕ್ಕ ಆಂಟಿಯ ಜೊತೆ ಅಂಗಳದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕುಳಿತರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಹಿಡಿಕೆಗಳ ನಡುವೆ ಮಲಗಿದ್ದ ನನ್ನ ಬೇಸ್ ಅನ್ನು ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವ ಹಾಗೆ ನೋಡಿ ನೋಡಿ ಬರುತ್ತಿದ್ದೆ.

ಕೊನೆಗೆ ಹಿಡಿಕೆ ಬಿಚ್ಚಿದರು. ಸೀಳಿದ ಜಾಗದಲ್ಲಿ ಕಂದು ಬಣ್ಣದ ಒಂದು ಗೆರೆ ಉಳಿದಿತ್ತು, ಅಷ್ಟೇ. ಅಲೆಕ್ಸರು ಬೆರಳಿನಿಂದ ಬಡಿದು ನೋಡಿ, ತಂತಿ ಹಾಕಲು ಶುರು ಮಾಡಿದರು. ನಾನು ಹೊಸ ತಂತಿ ಒಯ್ದಿದ್ದೆ. ಅವರು ಅದನ್ನು ಪಕ್ಕಕ್ಕಿಟ್ಟು, ತಮ್ಮ ಡಬ್ಬಿಯಿಂದ ಸ್ವಲ್ಪ ಸಪೂರದ್ದು ತೆಗೆದರು. ಮೊದಲ ತಂತಿ ಏರಿತು. ಎರಡನೆಯದು ಏರಿತು. ಮೂರನೆಯದನ್ನು ಬಿಗಿಯುತ್ತಿರುವಾಗ ಟಿಕ್ ಎಂಬ ಸದ್ದು. ಅಲೆಕ್ಸರ ಕೈ ಅಲ್ಲೇ ನಿಂತಿತು. ನಾನು ಬಗ್ಗಿ ನೋಡಿದೆ. ಗಿರಿಜಕ್ಕನಿಗೆ ಸದ್ದು ಕೇಳಿಸಲಿಲ್ಲ, ಆದರೆ ನಮ್ಮಿಬ್ಬರ ಮುಖ ನೋಡಿ ಅವರೂ ಎದ್ದು ನಿಂತರು. ಅಲೆಕ್ಸರು ಕನ್ನಡಕವನ್ನು ಹಣೆಗೇರಿಸಿ, ಗೆರೆಯ ಹತ್ತಿರ ಕಣ್ಣಿಟ್ಟು ಒಂದು ಸುತ್ತು ನೋಡಿದರು. ಬಿರುಕಿಲ್ಲ. ತಂತಿ ತನ್ನ ಕಚ್ಚಿಗೆ ಇಳಿದು ಕುಳಿತ ಸದ್ದು ಅದು.

"ನೋಡಿ ಮೇಡಂ" ಎಂದರು. "ಇದನ್ನು ಮೊದಲಿನಷ್ಟು ಬಿಗಿ ಮಾಡುವುದು ಬೇಡ. ನಾಲ್ಕೂ ತಂತಿ ಒಂದು ಸ್ವರ ಕೆಳಗಿರಲಿ, ಯಾವತ್ತಿಗೂ. ಕತ್ತಿಗೆ ಆರಾಮ. ದನಿ ಇನ್ನೂ ತಗ್ಗು ಬರುತ್ತದೆ, ನಿಮಗೆ ಅಭ್ಯಾಸವಾಗಬೇಕು ಅಷ್ಟೇ. ಮನೆಯಲ್ಲಿ ಗೋಡೆಗೆ ನೇತುಹಾಕಬೇಡಿ, ಸ್ಟ್ಯಾಂಡಿನಲ್ಲಿ ಇಡಿ."

ಶೆಡ್ಡಿನಲ್ಲಿ ಉದ್ದನೆಯ ಮರದ ಬೆಂಚು ಇತ್ತು. ಅದರ ಒಂದು ತುದಿಯಲ್ಲಿ ಅವರ ಹಳೆಯ ಆಂಪ್. ಬೇಸ್ ಅನ್ನು ಅದಕ್ಕೆ ಜೋಡಿಸಿ ನನ್ನ ಕೈಗೆ ಕೊಟ್ಟರು. ಆಂಟಿ ಗಿರಿಜಕ್ಕನನ್ನು ಕರೆತಂದು ಅದೇ ಬೆಂಚಿನ ಮೇಲೆ ಕೂರಿಸಿದರು. ನಾನು ಎರಡನೆಯ ದಪ್ಪ ತಂತಿಯನ್ನು ಮೀಟಿದೆ. ಮೊದಲಿಗಿಂತ ಆಳವಾದ, ಅಗಲವಾದ ದನಿ ಬಂತು. ಬೆಂಚಿನ ಮೇಲಿದ್ದ ಮೊಳೆಗಳ ಡಬ್ಬಿ ಸಣ್ಣಗೆ ಕುಣಿಯಿತು. ಗಿರಿಜಕ್ಕ ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಊರಿದರು, ಆಮೇಲೆ ಕಣ್ಣು ಮುಚ್ಚಿದರು.

ನಾನು ಪಾಠದ ತುಣುಕೊಂದನ್ನು ನುಡಿಸಲು ಹೊರಟಿದ್ದೆ. ಅವರ ಮುಖ ನೋಡಿ ಬೆರಳು ಬೇರೆ ಕಡೆಗೆ ಹೋಗಲಿಲ್ಲ. ಅದೇ ತಂತಿಯನ್ನು ತಂಬೂರಿಯ ಹಾಗೆ ಮೀಟುತ್ತಲೇ ಇದ್ದೆ. ಒಂದು ದನಿ ಮುಗಿಯುವ ಮೊದಲು ಇನ್ನೊಂದು. ಎಷ್ಟೋ ಹೊತ್ತಾದ ಮೇಲೆ ಅವರ ಗಂಟಲು ಸಣ್ಣಗೆ ಅಲುಗಾಡುವುದು ಕಂಡಿತು. ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದರು. ಮೊದಲು ಸ್ವರ ತಂತಿಯ ಕೆಳಗೆ ಎಲ್ಲೋ ತಡಕಾಡಿತು. ಅವರು ಅಂಗೈಗಳನ್ನು ಇನ್ನಷ್ಟು ಒತ್ತಿದರು. ಸ್ವರ ನಿಧಾನಕ್ಕೆ ಮೇಲೆ ಬಂತು, ಬಂತು, ತಂತಿಯ ದನಿಗೆ ಸೇರಿ ಅಲ್ಲಿ ನಿಂತಿತು. ಎರಡು ದನಿ ಒಂದಾದಾಗ ಬೆಂಚಿನಲ್ಲಿ ಅದು ಗೊತ್ತಾಗುತ್ತದೆ, ನಡುಕ ನಿಂತು ಹೋಗಿ ಒಂದೇ ಸಮನೆ ಹರಿಯುತ್ತದೆ. ಅವರಿಗೂ ಗೊತ್ತಾಯಿತು. ಕಣ್ಣು ತೆರೆದು ನನ್ನನ್ನು ನೋಡಿದರು.

"ಇದ ಅಲ್ಲೇನು?" ಎಂದು ಕೇಳಿದರು.

ನಾನು ಅವರ ಎದುರಿಗೆ ಮುಖ ಇಟ್ಟು, "ಇದೇ, ಗಿರಿಜಕ್ಕ. ಇಲ್ಲೇ ಇದ್ದೀರಿ" ಎಂದೆ.

ಆಮೇಲೆ ಅವರು ಬಾಯಿ ತೆರೆದು ಹಾಡಿದರು. ತಮ್ಮ ತಾಯಿ ಬೀಸುವಾಗ ಹೇಳುತ್ತಿದ್ದ ಪದವಂತೆ. ದನಿ ಒರಟಾಗಿತ್ತು, ಎರಡು ಕಡೆ ಒಡೆಯಿತು, ಒಂದು ಸಾಲು ಮರೆತುಹೋಗಿ ಮತ್ತೆ ಹಿಂದಿನಿಂದ ಶುರುವಾಯಿತು. ಸ್ವರ ಮಾತ್ರ ಜಾರಲಿಲ್ಲ. ಜಾರುತ್ತದೆ ಅನ್ನಿಸಿದಾಗಲೆಲ್ಲ ಅವರ ಬೆರಳುಗಳು ಹಲಗೆಯನ್ನು ಒತ್ತಿ, ದಾರಿ ಕಂಡುಕೊಂಡು ಬರುತ್ತಿದ್ದವು. ಆಂಟಿ ಬಾಗಿಲಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಅಲೆಕ್ಸರು ಬೆಂಚಿಗೆ ಬೆನ್ನು ತಿರುಗಿಸಿ ಹಿಡಿಕೆಗಳನ್ನು ಒರೆಸುವುದರಲ್ಲೇ ತೊಡಗಿದ್ದರು. ಹಾಡು ಮುಗಿದ ಮೇಲೂ ನಾನು ಮೀಟುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಳುತ್ತೇನೆ ಎಂಬ ಹೆದರಿಕೆ ಇತ್ತು.

ಹೊರಡುವಾಗ ಅಲೆಕ್ಸರು ಬೇಸ್ ಅನ್ನು ತಾವೇ ಟವೆಲ್‌ನಲ್ಲಿ ಸುತ್ತಿ ಚೀಲಕ್ಕಿಟ್ಟರು. ಕೆಲಸದ ದರಕ್ಕಿಂತ ಒಂದಿಷ್ಟು ಹೆಚ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಆಂಟಿ ಒಂದು ಪೊಟ್ಟಣದಲ್ಲಿ ಅಕ್ಕಿ ರೊಟ್ಟಿ ಕೊಟ್ಟರು. ಗಿರಿಜಕ್ಕ ಉಳಿದ ಚಟ್ನಿಪುಡಿಯನ್ನೆಲ್ಲ ಅವರ ಡಬ್ಬಿಗೆ ಸುರಿದು, "ನೀವು ನಮ್ಮ ಮನೀಗೆ ಬರಬೇಕು" ಎಂದು ಕನ್ನಡದಲ್ಲೇ ಹೇಳಿದರು. ಆಂಟಿ ಅರ್ಥವಾದವರಂತೆ ತಲೆಯಾಡಿಸಿದರು. ಖಾಡಿ ದಾಟುವಾಗ ಉಬ್ಬರವಿತ್ತು, ಹಲಗೆ ಬೇಕಾಗಲಿಲ್ಲ. ಸಂಜೆಯ ಬೆಳಕು ನೀರಿನ ಮೇಲೆ ಹರಡಿತ್ತು. ಗಿರಿಜಕ್ಕ ಮನೋರಿಯ ಕಡೆಗೆ ಮುಖ ಮಾಡಿ, ದಡ ಸಪೂರ ಗೆರೆಯಾಗುವವರೆಗೆ ನಿಂತೇ ಇದ್ದರು.

ಮಲಾಡಿನಲ್ಲಿ ಸಿಕ್ಕಿದ ಗಾಡಿಯ ಲೇಡೀಸ್ ಡಬ್ಬಿ ತುಂಬಿತ್ತು. ಭಾನುವಾರ ಹೊರಗೆ ಹೋಗಿ ಮರಳುವ ಮಂದಿ, ಮಡಿಲಲ್ಲಿ ನಿದ್ದೆಹೋದ ಮಕ್ಕಳು. ನಮಗೆ ಹೇಗೋ ಒಳಗೆ ಕಿಟಕಿಯ ಬಳಿ ಜಾಗ ಮಾಡಿಕೊಟ್ಟರು. ಬೇಸ್ ಅನ್ನು ಇಬ್ಬರ ಮೊಣಕಾಲುಗಳ ನಡುವೆ ನಿಲ್ಲಿಸಿ ಹಿಡಿದುಕೊಂಡೆವು. ಎದುರಿಗಿದ್ದ ಹೆಂಗಸು ಬೆರಳು ತೋರಿಸಿ, "ಯೇ ಕ್ಯಾ ಹೈ? ಗಿಟಾರ್? ಕಿಸ್ಕಾ ಹೈ?" ಎಂದು, ಯಾರದು ಅಂತ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ ಆ ಬೆರಳನ್ನು ನೋಡಿ ಉತ್ತರ ಕೊಟ್ಟರು. "ಹಮಾರಾ ಹೈ." ನಮ್ಮದು ಅಂತ.

ದಾದರ್ ಹತ್ತಿರ ಬಂದಾಗ ಏಳಲೂ ಜಾಗವಿರಲಿಲ್ಲ. ಬಾಗಿಲಿಗೂ ನಮಗೂ ನಡುವೆ ಹೆಂಗಸರ ಗೋಡೆ. ಮನೋರಿಯಲ್ಲಿ ಅಂಟಿಸಿದ ಕತ್ತು ಈ ನೂಕಿನಲ್ಲಿ ಉಳಿಯುವುದಿಲ್ಲವೆಂದು ನನಗೆ ಹೆದರಿಕೆಯಾಯಿತು. "ಬೆಹನ್, ಟೂಟಾ ಹುವಾ ಹೈ, ಅಭೀ ಜೋಡಾ ಹೈ" ಎಂದೆ, ಮುರಿದಿತ್ತು, ಈಗ ತಾನೇ ಜೋಡಿಸಿದ್ದು ಅಂತ. ಎದುರಿನವಳು ಎದ್ದು ನಿಂತು, "ಏ, ಊಪರ್ ಸೇ ದೋ! ಸಂಭಾಲ್ಕೇ!" ಎಂದು, ಮೇಲಿನಿಂದ ಜೋಪಾನವಾಗಿ ಕೊಡಿ ಅಂತ, ಇಡೀ ಡಬ್ಬಿಗೆ ಕೇಳುವಂತೆ ಕೂಗಿದಳು. ಚೀಲವನ್ನು ಮೇಲೆತ್ತಿದೆ. ಒಂದು ಜೊತೆ ಕೈ ಅದನ್ನು ತೆಗೆದುಕೊಂಡಿತು. ಅಲ್ಲಿಂದ ಇನ್ನೊಂದು ಜೊತೆ. ಬಳೆ ತೊಟ್ಟವು, ಮೆಹಂದಿ ಹಚ್ಚಿದವು, ಗಡಿಯಾರ ಕಟ್ಟಿದವು. ಹೆಂಗಸರ ತಲೆಗಳ ಮೇಲೆ ನನ್ನ ಬೇಸ್ ಮಲಗಿಕೊಂಡು, ತೊಟ್ಟಿಲಿನಷ್ಟು ನಿಧಾನವಾಗಿ ಬಾಗಿಲ ಕಡೆಗೆ ಹೋಯಿತು. ಅದರ ಹಿಂದೆಯೇ ಬಿಟ್ಟುಕೊಟ್ಟ ದಾರಿಯಲ್ಲಿ ನಾವಿಬ್ಬರೂ ನಡೆದೆವು.

ಪ್ಲಾಟ್‌ಫಾರ್ಮಿನಲ್ಲಿ ಯಾರೋ ಅದನ್ನು ನನ್ನ ತೋಳಿಗೆ ಇಳಿಸಿದರು. ಯಾರೆಂದು ಮುಖ ನೋಡುವಷ್ಟರಲ್ಲಿ ಗಾಡಿ ಹೊರಟಿತು. ಗಿರಿಜಕ್ಕ ಚೀಲದ ಮೇಲಿನಿಂದಲೇ ಕತ್ತಿನ ಜಾಗವನ್ನು ಸವರಿ ನೋಡಿದರು, ನೆಟ್ಟಗಿತ್ತು. ನಾನು ಬೇಸ್ ಅನ್ನು ತಬ್ಬಿ ಹಿಡಿದುಕೊಂಡೇ ತಿರುಗಿ ನೋಡಿದೆ. ದೂರ ಸರಿಯುತ್ತಿದ್ದ ಡಬ್ಬಿಯ ಬಾಗಿಲಿನಿಂದ ಹೊರಗೆ ಚಾಚಿದ ಒಂದು ಕೈ, ತಲುಪಿತೇ ಎಂದು ಕೇಳುವ ಹಾಗೆ, ಗಾಳಿಯಲ್ಲಿ ಆಡುತ್ತಿತ್ತು. ಗಿರಿಜಕ್ಕ ತಮ್ಮ ಕೈ ಎತ್ತಿ ಅದಕ್ಕೆ ಉತ್ತರ ಕೊಟ್ಟರು.